ಮೆಣಸಿನಕಾಯಿ ಹಡಗು ಹತ್ತಿತು, ನಾವು?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಮತ್ತು ನಮ್ಮ ಭಾಗದ ಉದ್ಯಮಗಳ ಬೆಳವಣಿಗೆಯಲ್ಲಿ ಇರುವ ಉದ್ಯೋಗಗಳ ಬಗ್ಗೆ ಮಾತನಾಡಲು ನನಗೆ ಹೇಳಿದ್ದಾರೆ. ಉರ್ದು, ಕನ್ನಡ ಕಲಿಸುವ ಮಾಸ್ತರನಿಗೂ ಹಡಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಅದನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ನಮ್ಮ ಮನೆಯ ಒಂದು ನಷ್ಟ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಊರುಗಳನ್ನು ನೋಡೋಣ. ಸವಣೂರಿನ ದೊಡ್ಡಹುಣಸೆ ಮರಗಳನ್ನು ನೀವು ನೋಡಿದ್ದೀರಿ. ನಾಲ್ಕಾರು ಜನ ಕೈ ಹಿಡಿದು ನಿಂತರೂ ಬೊಡ್ಡೆ ತಬ್ಬಲಾಗದ ಆ ಮರ ನಮ್ಮ ನೆಲದ್ದಲ್ಲ, ಆಫ್ರಿಕಾದ್ದು. ಸಮುದ್ರ ದಾಟಿ ಬಂದ ಬೀಜ ನಮ್ಮ ಮಣ್ಣಿನಲ್ಲಿ ಶತಮಾನಗಳ ಕಾಲ ಬೆಳೆದಿದೆ. ಅಂದರೆ ಹೊರದೇಶದ ಸಂಪರ್ಕ ನಮಗೆ ಹೊಸದಲ್ಲ. ಸವಣೂರಿನ ವೀಳ್ಯದೆಲೆಗೆ ದೂರದ ಪೇಟೆಗಳಲ್ಲಿ ಹೆಸರಿದೆ. ಹಾನಗಲ್ಲಿನ ತೋಟಗಳಲ್ಲಿ ಆಪೂಸ್ ಮಾವು ಇದೆ. ಹಿರೇಕೆರೂರು, ಶಿಗ್ಗಾಂವ ಕಡೆ ಹತ್ತಿ, ಗೋವಿನಜೋಳ ಇದೆ. ಎಲ್ಲಕ್ಕಿಂತ ಮೇಲಾಗಿ ನಮ್ಮ ಮಗ್ಗುಲಲ್ಲೇ ಬ್ಯಾಡಗಿ ಇದೆ.

ಸುಗ್ಗಿಯ ದಿನಗಳಲ್ಲಿ ಸೋಮವಾರ ಇಲ್ಲವೇ ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನೋಡಿರಿ. ಕಣ್ಣು ಹಾಯಿಸಿದಷ್ಟು ದೂರ ಕೆಂಪು. ನಮ್ಮ ಜಿಲ್ಲೆಯದಷ್ಟೇ ಅಲ್ಲ, ಗದಗ, ಧಾರವಾಡ, ಕೊಪ್ಪಳ, ರಾಯಚೂರು, ಬಳ್ಳಾರಿ, ಆಂಧ್ರದ ಮಾಲೂ ಅಲ್ಲಿಗೆ ಬರುತ್ತದೆ. ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವೇ ಅದರ ಬೆಲೆ. ಕಾರ್ಖಾನೆಯಲ್ಲಿ ಅದರಿಂದ ಓಲಿಯೊರೆಸಿನ್ ಎಂಬ ಗಟ್ಟಿ ಎಣ್ಣೆಯಂಥ ಸಾರ ತೆಗೆಯುತ್ತಾರೆ. ಹೊರದೇಶಗಳಲ್ಲಿ ಅದು ಆಹಾರಕ್ಕೆ ಬಣ್ಣವಾಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಸೇರುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಈ ಹೆಸರು ಈ ನೆಲದ್ದು ಎಂದು ಕಾನೂನು ಒಪ್ಪಿಕೊಂಡಿತು.

ಈಗ ಒಂದು ಪ್ರಶ್ನೆ. ಆ ಕೆಂಪು ರಾಶಿಯ ಸುತ್ತ ನಮ್ಮವರು ಎಲ್ಲಿ ನಿಂತಿದ್ದಾರೆ? ಚೀಲ ಹೊರುವಲ್ಲಿ ಇದ್ದಾರೆ. ಲಾರಿ ನಡೆಸುವಲ್ಲಿ ಇದ್ದಾರೆ. ನೆರಳಿನಲ್ಲಿ ಕುಳಿತು, ಮೂಗಿಗೆ ಸೆರಗು ಕಟ್ಟಿಕೊಂಡು, ಕಿಲೋ ಲೆಕ್ಕದಲ್ಲಿ ತೊಟ್ಟು ಬಿಡಿಸುವ ತಾಯಂದಿರಲ್ಲಿ ಇದ್ದಾರೆ. ನಿಮ್ಮಲ್ಲಿ ಕೆಲವರ ತಾಯಿಯೂ ಅಲ್ಲಿರಬಹುದು. ಆ ದುಡಿಮೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅದರಿಂದಲೇ ನಿಮ್ಮ ಶಾಲೆಯ ಫೀ ಕಟ್ಟಿದೆ. ಆದರೆ ಅದೇ ಮೆಣಸಿನಕಾಯಿಯ ಮಾದರಿ ಪರೀಕ್ಷಿಸುವವರಲ್ಲಿ, ಅದರ ಕರಾರು ಬರೆಯುವವರಲ್ಲಿ, ಬಂದರಿನಲ್ಲಿ ಕಾಗದ ಸಲ್ಲಿಸುವವರಲ್ಲಿ, ದುಬೈಯ ಖರೀದಿದಾರನಿಗೆ ಉತ್ತರ ಬರೆಯುವವರಲ್ಲಿ ನಮ್ಮ ಹೆಸರು ಎಷ್ಟಿವೆ? ಮಾಲು ಹಡಗು ಹತ್ತುತ್ತದೆ, ನಾವು ಮಾರುಕಟ್ಟೆಯ ಬಾಗಿಲಲ್ಲೇ ಉಳಿಯುತ್ತೇವೆ.

ಇನ್ನು ನಮ್ಮ ಮನೆಯ ಮಾತು. ನಾನು ಬಿ.ಎಡ್. ಮುಗಿಸಿ ಬಂದ ವರ್ಷ ನಮ್ಮ ಚಿಕ್ಕಪ್ಪ ಮೊದಲ ಬಾರಿಗೆ ಸ್ವಂತ ಹಣ, ಸ್ವಲ್ಪ ಸಾಲ ಸೇರಿಸಿ ಮೆಣಸಿನಕಾಯಿ ಖರೀದಿ ಮಾಡಿದರು. ದೂರದ ಊರಿನ ಒಬ್ಬ ವ್ಯಾಪಾರಿ, ಹೊರದೇಶಕ್ಕೆ ಕಳಿಸುವವನು, ಒಳ್ಳೆಯ ದರ ಹೇಳಿದ್ದ. ಅವನ ಕಡೆಯವರು ತಂದ ಮೂರು ಪುಟದ ಇಂಗ್ಲಿಷ್ ಕಾಗದಕ್ಕೆ ಚಿಕ್ಕಪ್ಪ ಸಹಿ ಹಾಕಿದರು. ಒಣಗಿದ ಕಾಯಿ ಚೀಲಕ್ಕೆ ತುಂಬುವಾಗ ಪುಡಿಯಾಗಬಾರದು, ತೂಕವೂ ಬರಲಿ ಎಂದು ಹಲವರು ಮಾಡುವಂತೆ ಅವರೂ ನೀರು ಚಿಮುಕಿಸಿದರು. ಹದಿನೈದು ದಿನಗಳ ಮೇಲೆ ಸುದ್ದಿ ಬಂತು: ಪರೀಕ್ಷೆಯಲ್ಲಿ ಮಾಲು ಪಾಸಾಗಿಲ್ಲ, ಬೂಷ್ಟಿನ ವಿಷ ಇದೆ, ಕರಾರಿನಂತೆ ಅರ್ಧ ದರ ಮಾತ್ರ.

ಚಿಕ್ಕಪ್ಪ ಆ ಕಾಗದ ನನ್ನ ಮುಂದಿಟ್ಟು, "ಇಷ್ಟು ವರ್ಷ ಕಲಿತಿದ್ದೀಯಲ್ಲ ಬೇಟಾ, ಇದರಲ್ಲಿ ಏನು ಬರೆದಿದೆ ಓದಿ ಹೇಳು" ಎಂದರು. ನಾನು ಓದಿದೆ. ಅಕ್ಷರ ಓದಲು ಬಂತು, ಅರ್ಥ ಬರಲಿಲ್ಲ. ತೇವಾಂಶ ಇಷ್ಟನ್ನು ಮೀರಬಾರದು ಎಂಬ ಸಾಲು ಎರಡನೇ ಪುಟದಲ್ಲಿ ಸ್ಪಷ್ಟವಾಗಿತ್ತು. ಅಫ್ಲಾಟಾಕ್ಸಿನ್ ಎಂಬ ಶಬ್ದವೂ ಇತ್ತು. ಸಹಿ ಹಾಕುವ ದಿನ ನಾನು ಮನೆಯಲ್ಲೇ ಇದ್ದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ನೋಡಲಿಲ್ಲ. ವ್ಯಾಪಾರಿ ಮೋಸ ಮಾಡಿದ ಎಂದು ನಮ್ಮ ಮನೆಯಲ್ಲಿ ಬಹಳ ದಿನ ಬೈದಾಡಿದೆವು. ಆದರೆ ನೀರು ಹಾಕಿದ್ದು ನಾವು, ಓದದೆ ಸಹಿ ಮಾಡಿದ್ದೂ ನಾವು. ಚಿಕ್ಕಪ್ಪನ ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಅವರ ದೊಡ್ಡ ಮಗ ಆ ವರ್ಷವೇ ಕಾಲೇಜು ಬಿಟ್ಟ. ಅವನು ಬಿಟ್ಟ ಕ್ಲಾಸು ಮತ್ತೆ ಸೇರಲಿಲ್ಲ.

ಅಂದಿನಿಂದ ನಾನು ಈ ವಿಷಯ ಓದತೊಡಗಿದೆ. ಓದಿದಂತೆ ಒಂದು ಸಂಗತಿ ತಿಳಿಯಿತು. ಹೊರದೇಶದ ವ್ಯಾಪಾರದಲ್ಲಿ ಮಾಲು ಎಷ್ಟು ಮುಖ್ಯವೋ ಮಾಲಿನ ಬಗ್ಗೆ ಬರೆದ ಕಾಗದವೂ ಅಷ್ಟೇ ಮುಖ್ಯ.

2003ರಲ್ಲಿ ಫ್ರಾನ್ಸಿನಲ್ಲಿ ನಮ್ಮ ದೇಶದಿಂದ ಹೋದ ಮೆಣಸಿನಕಾಯಿ ಪದಾರ್ಥದಲ್ಲಿ ಸುಡಾನ್ ಎಂಬ ನಿಷೇಧಿತ ಬಣ್ಣ ಸಿಕ್ಕಿತು. ಅದು ಬಟ್ಟೆ, ಮೇಣ, ಎಣ್ಣೆಗಳಿಗೆ ಹಾಕುವ ಬಣ್ಣ. ಯಾರೋ ಕೆಲವರು ಕಳಪೆ ಪುಡಿಯನ್ನು ಕೆಂಪಾಗಿಸಲು ಬೆರೆಸಿದ್ದರು. ಕೂಡಲೇ ಯುರೋಪಿಯನ್ ಒಕ್ಕೂಟ ಮೆಣಸಿನಕಾಯಿಗೆ ಪರೀಕ್ಷಾ ವರದಿ ಕಡ್ಡಾಯ ಮಾಡಿತು. ನಮ್ಮ ದೇಶದ ಸಾಂಬಾರ ಮಂಡಳಿಯೂ ರಫ್ತಿಗೆ ಮುಂಚೆ ಪರೀಕ್ಷೆ ಕಡ್ಡಾಯಗೊಳಿಸಿತು. 2005ರಲ್ಲಿ ಅದೇ ಬಣ್ಣದ ಕಾರಣಕ್ಕೆ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ವಾಪಸು ತೆಗೆಯಬೇಕಾಯಿತು. ತಪ್ಪು ಕೆಲವರದು, ಅನುಮಾನ ಮಾತ್ರ ಎಲ್ಲರ ಮೇಲೆ. ನಮ್ಮ ಬ್ಯಾಡಗಿಗೆ ಹೊರಗಿನ ಬಣ್ಣ ಬೇಕೇ ಇಲ್ಲ, ಆದರೂ ಅದು ಪರೀಕ್ಷೆ ಬರೆಯಲೇಬೇಕು.

ಬೂಷ್ಟಿನ ವಿಷದ ಲೆಕ್ಕವೂ ಹಾಗೆಯೇ. ಒಂದು ಕಿಲೋ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಒಟ್ಟು 10 ಮೈಕ್ರೋಗ್ರಾಂ ಮೀರಬಾರದು, ಅದರಲ್ಲಿ ಬಿ1 ಎಂಬ ಬಗೆ 5 ಮೀರಬಾರದು ಎಂಬುದು ಯುರೋಪಿನ ನಿಯಮ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ನಾವು ಕೈಯಿಂದ ಚಿಮುಕಿಸಿದ ನೀರಿನ ಫಲವನ್ನು ಅಲ್ಲಿ ಆ ತೂಕದಲ್ಲಿ ಅಳೆಯುತ್ತಾರೆ. ಹಾನಗಲ್ಲಿನ ಆಪೂಸ್ ಬೆಳೆಗಾರರೂ ತಿಳಿಯಬೇಕಾದ ಮಾತೊಂದಿದೆ. ಹಣ್ಣಿನ ನೊಣದ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2014ರ ಮೇ 1ರಿಂದ ಭಾರತದ ಮಾವಿನ ಹಣ್ಣನ್ನೇ ನಿಲ್ಲಿಸಿತ್ತು. ನಮ್ಮಲ್ಲಿ ವ್ಯವಸ್ಥೆ ಸುಧಾರಿಸಿದ ಮೇಲೆ 2015ರ ಜನವರಿಯಲ್ಲಿ ಆ ತಡೆ ತೆಗೆಯಲು ಒಪ್ಪಿತು. ಅಷ್ಟರಲ್ಲಿ ಒಂದು ಸುಗ್ಗಿ ಹೋಗಿತ್ತು.

ಈಗ ವಿದ್ಯಾರ್ಥಿಗಳೇ, ಈ ವ್ಯವಹಾರದೊಳಗೆ ಯಾವ ಯಾವ ಕೆಲಸಗಳಿವೆ ನೋಡಿರಿ.

ಮೊದಲನೆಯದು ಕಾಗದಪತ್ರದ ಕೆಲಸ. ರಫ್ತು ಮಾಡಲು ಮೊದಲು ಐಇಸಿ ಎಂಬ ಸಂಖ್ಯೆ ಬೇಕು. ಈಗ ವ್ಯಾಪಾರಿಯ ಪ್ಯಾನ್ ಸಂಖ್ಯೆಯೇ ಐಇಸಿ ಆಗುತ್ತದೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಶುಲ್ಕ 500 ರೂಪಾಯಿ. ಮಸಾಲೆ ಪದಾರ್ಥವಾದರೆ ಸಾಂಬಾರ ಮಂಡಳಿಯ ನೋಂದಣಿ, ಹಣ್ಣು ತರಕಾರಿಯಾದರೆ ಅಪೇಡಾ ಸಂಸ್ಥೆಯ ನೋಂದಣಿ ಬೇಕು. ಪ್ರತಿಯೊಂದು ಮಾಲಿಗೂ ಜಗತ್ತಿಗೆಲ್ಲ ಒಂದೇ ಆದ ಸಂಕೇತ ಸಂಖ್ಯೆ ಇದೆ. ಒಣ ಮೆಣಸಿನಕಾಯಿ ಇಡಿಯಾಗಿದ್ದರೆ 0904 21, ಪುಡಿಯಾದರೆ 0904 22, ಓಲಿಯೊರೆಸಿನ್ ಆದರೆ 33ನೇ ಅಧ್ಯಾಯಕ್ಕೇ ಹೋಗುತ್ತದೆ. ಒಂದೇ ಕಾಯಿ, ಮೂರು ಸಂಖ್ಯೆ. ರಾಶಿಯಿಂದ ಸಾರದ ತನಕ ಹೋದಂತೆ ಬೆಲೆ ಏರುತ್ತದೆ, ಕಲಿತವರ ಕೆಲಸವೂ ಹೆಚ್ಚುತ್ತದೆ.

ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್, ಮಾಲು ಯಾವ ದೇಶದ್ದು ಎಂಬ ಮೂಲ ಪ್ರಮಾಣಪತ್ರ, ರೋಗ ಕೀಟ ಇಲ್ಲವೆಂಬ ಪ್ರಮಾಣಪತ್ರ, ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಲೆಟರ್ ಆಫ್ ಕ್ರೆಡಿಟ್ ಮೂಲಕ ಹಣ ಬರುವುದಾದರೆ ಬ್ಯಾಂಕಿನವರು ಚೀಲ ಬಿಚ್ಚಿ ನೋಡುವುದಿಲ್ಲ, ಕಾಗದ ಮಾತ್ರ ನೋಡುತ್ತಾರೆ. ಒಂದರಲ್ಲಿ 400 ಚೀಲ, ಇನ್ನೊಂದರಲ್ಲಿ 410 ಎಂದಿದ್ದರೆ ಹಣ ನಿಲ್ಲಿಸಬಹುದು. ಶುದ್ಧ ಬರಹದ ತಪ್ಪಿಗೆ ನಾನು ನಿಮ್ಮ ಒಂದು ಅಂಕ ಕಳೆದರೆ ಮುಖ ಸಣ್ಣದು ಮಾಡುತ್ತೀರಿ. ಅಲ್ಲಿ ಅಂಕಿಯೊಂದು ತಪ್ಪಿದರೆ ಹೋಗುವುದು ಲಕ್ಷಗಳು. ನಿಧಾನವಾಗಿ ಓದುವ, ತಪ್ಪಿಲ್ಲದೆ ಬರೆಯುವ ಹುಡುಗ ಹುಡುಗಿಯರಿಗೆ ಆ ಕಚೇರಿಗಳಲ್ಲಿ ಕೆಲಸ ಇದೆ.

ಎರಡನೆಯದು ಬಂದರಿನ ಕೆಲಸ. ಗೋವೆಯ ಮುರ್ಮುಗೋವಾ, ಮಂಗಳೂರಿನ ಪಣಂಬೂರು, ಮುಂಬಯಿ ಹತ್ತಿರದ ನ್ಹಾವಾ ಶೇವಾ ಬಂದರುಗಳಲ್ಲಿ ಕಸ್ಟಮ್ಸ್ ಬ್ರೋಕರರ ಕಚೇರಿಗಳಿವೆ. ಸಣ್ಣ ನೌಕರಿಯಿಂದ ಸೇರಿ, ಇಲಾಖೆಯ ಪರೀಕ್ಷೆ ಬರೆದು ಮೇಲೇರಬಹುದು. ಎಫ್‌ಒಬಿ ಎಂದರೆ ಮಾಲು ಹಡಗಿಗೆ ಏರುವ ತನಕದ ಖರ್ಚು ಮಾರುವವನದು, ಸಿಐಎಫ್ ಎಂದರೆ ಮುಂದಿನ ಹಡಗಿನ ಬಾಡಿಗೆ ಮತ್ತು ವಿಮೆಯೂ ಮಾರುವವನದೇ. ಈ ಎರಡು ಶಬ್ದಗಳ ವ್ಯತ್ಯಾಸ ತಿಳಿಯದೆ ದರ ಒಪ್ಪಿದವರು ಲಾಭ ಕಳೆದುಕೊಳ್ಳುತ್ತಾರೆ.

ಮೂರನೆಯದು ಪ್ರಯೋಗಾಲಯ ಮತ್ತು ಸಂಸ್ಕರಣೆಯ ಕೆಲಸ. ವಿಜ್ಞಾನ ಓದುವವರು ಎಂಜಿನಿಯರಿಂಗ್, ವೈದ್ಯಕೀಯ ಎರಡೇ ದಾರಿ ಎಂದುಕೊಳ್ಳಬೇಡಿರಿ. ನಮ್ಮ ಹಾವೇರಿ ಜಿಲ್ಲೆಯ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಆಹಾರ ತಂತ್ರಜ್ಞಾನ ಕಾಲೇಜು ಇದೆ. ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಇದೆ. ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ತೊಟ್ಟು ಬಿಡಿಸುವ ತಾಯಿಯ ಮಗಳು ಅದೇ ಮೆಣಸಿನಕಾಯಿಯ ಬಣ್ಣವನ್ನು ಯಂತ್ರದಲ್ಲಿ ಅಳೆದು ವರದಿಗೆ ಸಹಿ ಹಾಕುವ ದಿನ ಬರಬೇಕು.

ನಾಲ್ಕನೆಯದು ಮಾರುವ ಕೆಲಸ, ಅಂದರೆ ಖರೀದಿದಾರರನ್ನು ಹುಡುಕಿ ಮಾತನಾಡುವುದು. ಇಲ್ಲಿ ನಮ್ಮ ಮಕ್ಕಳ ಕೈಯಲ್ಲಿ ಒಂದು ಬಂಡವಾಳ ಈಗಾಗಲೇ ಇದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ, ಅರಬ್ಬಿ ಅಕ್ಷರದ ಪರಿಚಯ. ಕೊಲ್ಲಿಯ ಪೇಟೆಗಳಲ್ಲಿ ಉರ್ದು, ಹಿಂದಿ ಬಲ್ಲವನಿಗೆ ಮಾತಿನ ಅಡ್ಡಿ ಕಡಿಮೆ. 2022ರ ಮೇ 1ರಿಂದ ಯುಎಇ ಜೊತೆ ನಮ್ಮ ದೇಶದ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಸರಿಯಾದ ಮೂಲ ಪ್ರಮಾಣಪತ್ರ ಇದ್ದರೆ ಹಲವು ಮಾಲುಗಳಿಗೆ ಅಲ್ಲಿ ಸುಂಕದ ರಿಯಾಯಿತಿ ಸಿಗುತ್ತದೆ. ಆದರೆ ಮಾತನಾಡಲು ಬಂದರೆ ಸಾಲದು. ಇಂಗ್ಲಿಷಿನಲ್ಲಿ ಹತ್ತು ಸಾಲಿನ ಸ್ಪಷ್ಟ ಪತ್ರ ಬರೆಯಲು ಬರಬೇಕು. ಉರ್ದು ಮಾಸ್ತರನಾಗಿ ನಾನೇ ಈ ಮಾತು ಹೇಳುತ್ತಿದ್ದೇನೆ. ಕನ್ನಡ ಬಿಟ್ಟವನು ರೈತನ ಮಾತು ತಿಳಿಯಲಾರ, ಇಂಗ್ಲಿಷ್ ಬಿಟ್ಟವನು ಕರಾರು ತಿಳಿಯಲಾರ. ಎರಡೂ ಬೇಕು.

ಸುಳ್ಳು ಆಸೆ ತೋರಿಸಲು ನಾನು ಬಂದಿಲ್ಲ. ಇಂಥ ಕೆಲಸಗಳು ಹೆಚ್ಚಾಗಿ ಹುಬ್ಬಳ್ಳಿ, ಗೋವಾ, ಮಂಗಳೂರು, ಮುಂಬಯಿ, ಕೊಚ್ಚಿಗಳಲ್ಲಿವೆ. ಮೊದಲ ಸಂಬಳ ಸಣ್ಣದು. ಆದರೆ ಐದಾರು ವರ್ಷ ಕಲಿತು ಊರಿಗೆ ಮರಳಿದ ಒಬ್ಬನಿಂದ ಹತ್ತು ಮನೆಗಳ ವ್ಯಾಪಾರ ಸುಧಾರಿಸುತ್ತದೆ. ಪ್ರದೇಶದ ಅಭಿವೃದ್ಧಿ ಎಂದರೆ ನನ್ನ ದೃಷ್ಟಿಯಲ್ಲಿ ಇದೇ. ಬೆಂಗಳೂರಿನ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರ ರಾಜ್ಯ ಸರ್ಕಾರದ ಸಂಸ್ಥೆ, ರಫ್ತಿನ ತರಬೇತಿ ಕೊಡುತ್ತದೆ. ಹುಬ್ಬಳ್ಳಿಯಲ್ಲಿ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಇದೆ. ಪದವಿಯ ನಂತರ ಇನ್ನೂ ಮೇಲೆ ಓದುವವರಿಗೆ 1963ರಲ್ಲಿ ಸ್ಥಾಪನೆಯಾದ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆ ದೆಹಲಿಯಲ್ಲಿದೆ. ಬಾಗಿಲುಗಳಿವೆ. ಅವನ್ನು ತಟ್ಟುವವರು ಬೇಕು.

ಸಂಸ್ಥೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಪ್ರತಿ ವರ್ಷ ಪ್ರತಿಭಾ ಪುರಸ್ಕಾರ ಮಾಡುತ್ತೇವೆ, ಮಾಡೋಣ. ಅದರ ಜೊತೆಗೆ ತಿಂಗಳಿಗೊಂದು ಭಾನುವಾರ, ಪಿಯುಸಿ ಮತ್ತು ಬಿ.ಕಾಂ. ಮಕ್ಕಳನ್ನು ಕೂಡಿಸಿ ನಿಜವಾದ ಒಂದು ಕರಾರು ಪತ್ರ, ಒಂದು ಇನ್‌ವಾಯ್ಸ್, ಒಂದು ಪರೀಕ್ಷಾ ವರದಿ ಓದಿಸೋಣ. ಅನುಭವಸ್ಥ ವ್ಯಾಪಾರಿಗಳು ಬಂದು ಹೇಳಲಿ, ನಾವು ಮಾಸ್ತರರೂ ಬೆಂಚಿನ ಮೇಲೆ ಕುಳಿತು ಕಲಿಯುತ್ತೇವೆ. ಪಾಲಕರಲ್ಲಿಯೂ ಒಂದು ಮಾತು. ಎಸ್ಸೆಸ್ಸೆಲ್ಸಿ ಆಯಿತು, ಹೆಣ್ಣುಮಗಳಿಗೆ ಇನ್ನೇನು ಎನ್ನಬೇಡಿರಿ. ನನ್ನ ತರಗತಿಯಲ್ಲಿ ಲೆಕ್ಕ ತಪ್ಪದವರು ಹೆಚ್ಚಾಗಿ ಹೆಣ್ಣುಮಕ್ಕಳೇ.

ವಿದ್ಯಾರ್ಥಿಗಳೇ, ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿರಿ. ಅಪ್ಪನೋ ಚಿಕ್ಕಪ್ಪನೋ ಯಾವುದಾದರೂ ಕಾಗದಕ್ಕೆ ಸಹಿ ಹಾಕುವವರಿದ್ದರೆ, ಸಾಲದ್ದಿರಲಿ, ದಲಾಲಿ ಅಂಗಡಿಯದಿರಲಿ, "ಒಂದು ನಿಮಿಷ ತಡೀರಿ, ನಾನು ಓದುತ್ತೇನೆ" ಎನ್ನಿರಿ. ತಿಳಿಯದ ಶಬ್ದಕ್ಕೆ ಗೆರೆ ಎಳೆದು ನನ್ನ ಬಳಿ ತನ್ನಿರಿ. ನನಗೂ ತಿಳಿಯದಿದ್ದರೆ ಇಬ್ಬರೂ ಕೂಡಿ ಕೇಳೋಣ. ಅಂದು ನಾನು ಆ ಒಂದು ನಿಮಿಷ ಕೊಡಲಿಲ್ಲ. ನೀವು ಕೊಡಿರಿ.

 ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.