ಹಳ್ಳಿಯ ದಿನಕ್ಕೆ ಕಸುಬಿನವರನ್ನೂ ಕರೆಯೋಣ

(ಕನ್ನಡ ಕೂಟದ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬರುವ ಬೇಸಿಗೆಯಲ್ಲಿ ನಮ್ಮ ಕೂಟದಿಂದ ಒಂದು 'ಹಳ್ಳಿಯ ದಿನ' ಮಾಡಬೇಕು ಅಂತ ಸಮಿತಿಯವರು ತೀರ್ಮಾನಿಸಿದ್ದಾರೆ. ಒಳ್ಳೆಯ ಯೋಚನೆ. ಬೇಕಾದ ಸಾಮಾನಿನ ಪಟ್ಟಿಯನ್ನೂ ನೋಡಿದೆ. ಥರ್ಮೋಕೋಲಿನ ಎತ್ತಿನ ಗಾಡಿ, ಬಾವಿಕಟ್ಟೆ, ಬಣ್ಣ ಬಳಿದ ಮಡಕೆಗಳು, ಮೊರ, ಫೋಟೋ ತೆಗೆಸಿಕೊಳ್ಳುವವರಿಗೆ ಪೇಟ, ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ರೊಟ್ಟಿಯ ಬಗ್ಗೆ ನನ್ನ ತಕರಾರೇನೂ ಇಲ್ಲ! ಆದರೆ ಈ ಪಟ್ಟಿಯಲ್ಲಿ ಸಾಮಾನಿದೆ, ಕೆಲಸ ಇಲ್ಲ. ಕೆಲಸ ಬಲ್ಲ ಒಬ್ಬ ಮನುಷ್ಯನೂ ಇಲ್ಲ. ಅಷ್ಟನ್ನು ಹೇಳಲು ನಿಂತಿದ್ದೇನೆ.

ಹಳೆಯ ಬದುಕನ್ನು ಬಯಲಿನಲ್ಲಿಟ್ಟು ತೋರಿಸುವ ಪದ್ಧತಿ ಹೊಸದಲ್ಲ. ಸ್ವೀಡನ್ನಿನ ಆರ್ಟುರ್ ಹಜೇಲಿಯಸ್ 1891ರಲ್ಲೇ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದರು. ಊರೂರಿನ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ನಿಲ್ಲಿಸಿದರು. ನಮ್ಮ ಮ್ಯಾಸಚೂಸೆಟ್ಸ್‌ನಲ್ಲೇ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್ ಇದೆ. 1946ರಲ್ಲಿ ತೆರೆದದ್ದು. ನಿಮ್ಮಲ್ಲಿ ಬಹಳ ಜನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೀರಿ. ಅಲ್ಲಿ ಮಕ್ಕಳ ನೆನಪಿನಲ್ಲಿ ಉಳಿಯುವುದು ಏನು ಹೇಳಿ? ಕಟ್ಟಡಗಳಲ್ಲ. ಕಮ್ಮಾರ ಕೆಂಪಗೆ ಕಾದ ಕಬ್ಬಿಣವನ್ನು ಬಡಿಯುವುದು, ಕುಂಬಾರನ ಕೈಯಲ್ಲಿ ಮಣ್ಣು ಏಳುವುದು. ಮಕ್ಕಳು ಕೇಳಿದ ಪ್ರಶ್ನೆಗೆ ಅವರು ಕೈ ಕೆಲಸ ಬಿಡದೆ ಉತ್ತರ ಕೊಡುತ್ತಾರೆ.

ನಮ್ಮ ನಾಡಿನಲ್ಲೂ ಇಂಥ ಕೆಲಸ ಆಗಿದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋಗಿ ನೋಡಿ. ನೇಗಿಲು, ಬೀಸುವ ಕಲ್ಲು, ಅಳತೆಯ ಪಾತ್ರೆಗಳು ಎಲ್ಲ ಅಲ್ಲಿವೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮಾಲ್ ಸುತ್ತುವ ಒಂದು ದಿನವನ್ನು ಅದಕ್ಕೆ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಈಗ ನನ್ನ ಮೊದಲ ಮಾತು. ಕಸುಬು ಹೋದರೆ ಅದರ ಜೊತೆ ಮಾತೂ ಹೋಗುತ್ತದೆ. 'ಅವರ ಬದುಕಿನಲ್ಲಿ ಸಂಗೀತ ಹಾಸುಹೊಕ್ಕಾಗಿದೆ' ಅಂತ ನಾವೆಲ್ಲ ಬರೆಯುತ್ತೇವೆ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಹೊಕ್ಕು ಅಂದರೆ ಲಾಳಿಯ ಜೊತೆ ಅಡ್ಡಡ್ಡ ಹಾಯುವ ನೂಲು. ಮಗ್ಗ ಕಾಣದ ನಮ್ಮ ಮಕ್ಕಳಿಗೆ ಈ ಮಾತು ಬರೀ ಸದ್ದು. ಒಂದೇ ಒಂದು ಸಲ ಲಾಳಿ ತಳ್ಳಿದ ಮಗುವಿಗೆ ಇದನ್ನು ಅರ್ಥ ಹೇಳಿ ಕೊಡಬೇಕಾಗಿಲ್ಲ. ಕನ್ನಡದಲ್ಲಿ ತಂತ್ರಜ್ಞಾನದ ಮಾತು ಕಟ್ಟಲು ಆಗುವುದಿಲ್ಲ ಅನ್ನುವವರಿಗೂ ನಮ್ಮ ನೇಕಾರರೇ ಉತ್ತರ. ಮಗ್ಗ, ಲಾಳಿ, ಕಂಡಿಕೆ, ಉಂಕಿ, ದಡಿ, ಸೆರಗು. ಇವಕ್ಕೆ ಯಾವ ಸಮಿತಿಯೂ ಪದಕೋಶ ಮಾಡಿ ಕೊಟ್ಟಿರಲಿಲ್ಲ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಅದರಿಂದಲೇ ಒಡಲು ಹತ್ತಿಯದಾಗಿ ಸೆರಗು ರೇಷ್ಮೆಯದಾಗಿರಲು ಸಾಧ್ಯ. ಆ ಕೆಂಪು-ಬಿಳಿ ಸೆರಗಿಗೆ ತೋಪು ತೆನೆ ಅಂತ ಹೆಸರು. ಇಳಕಲ್ ಸೀರೆಯ ಮೇಲೆ ಧಾರವಾಡದ ಕಡೆಯ ಹೆಣ್ಣುಮಕ್ಕಳು ಹಾಕುವ ಕಸೂತಿಯೂ ಹಾಗೆಯೇ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಇಷ್ಟರಲ್ಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲ ಬರುತ್ತವೆ. ಚೌಕಳಿಯ ಮೇಲೆ ಎಣಿಸಿ ಚಿತ್ರ ಮೂಡಿಸುವುದು ಅಂದರೆ ಏನು ಅಂತ ಕಂಪ್ಯೂಟರಿನ ಮುಂದೆ ಕೂತು ಬದುಕುವ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು?

ಎರಡನೆಯ ಮಾತು. ಹಳ್ಳಿ ಬರೀ ಚೆಂದದ್ದು ಅಂತ ಮಕ್ಕಳಿಗೆ ಸುಳ್ಳು ಹೇಳುವುದು ಬೇಡ. ಬೀಸುವ ಕಲ್ಲಿನ ಹಾಡು ಇಂಪಾಗಿದೆ, ನಿಜ. ಆ ಹಾಡು ಹುಟ್ಟಿದ್ದು ಕೋಳಿ ಕೂಗುವ ಮುಂಚೆ ಎದ್ದು ಮನೆಮಂದಿಗೆಲ್ಲ ಹಿಟ್ಟು ಬೀಸಬೇಕಾಗಿದ್ದ ಹೆಂಗಸಿನ ರಟ್ಟೆಯ ನೋವಿನಿಂದ. ಕಸುಬು ಜಾತಿಗೆ ಕಟ್ಟುಬಿದ್ದಿತ್ತು. ಕುಂಬಾರನ ಮಗ ಬೇರೇನೂ ಆಗುವಂತಿರಲಿಲ್ಲ. ಯಾರೂ ಅಲ್ಲಿಗೆ ವಾಪಸು ಹೋಗಲಿ ಅಂತ ನಾನು ಹೇಳುತ್ತಿಲ್ಲ. ಕಲ್ಲನ್ನು ಮಕ್ಕಳ ಕೈಗೆ ಕೊಡೋಣ, ಒಂದು ಸೇರು ರಾಗಿ ಬೀಸಲಿ. ಹಾಡಿನ ಬೆಲೆಯೂ ಮಿಕ್ಸಿಯ ಬೆಲೆಯೂ ಎರಡೂ ತಿಳಿಯುತ್ತವೆ.

ಮೂರನೆಯದು ದುಡ್ಡಿನ ಮಾತು. ಹಳೆಯ ಹಳ್ಳಿಯಲ್ಲಿ ಎಷ್ಟೇ ಕೊರತೆ ಇರಲಿ, ಸುಗ್ಗಿಯಲ್ಲಿ ಕಣದಲ್ಲೇ ಬಡಗಿಗೆ, ಕಮ್ಮಾರನಿಗೆ, ಅಗಸನಿಗೆ ಕಾಳು ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಅಂತ ಹೆಸರು, ಪಡೆಯುವವರು ಆಯಗಾರರು. ಹಳ್ಳಿಯನ್ನು ಮೆರೆಸುವ ನಾವು ಕಸುಬಿನವರನ್ನು ಕರೆದರೆ ಕೊಡುವುದೇನು? ಶಾಲು, ಹಾರ, ಒಂದು ನೆನಪಿನ ಕಾಣಿಕೆ, ಚಪ್ಪಾಳೆ. ಭಾರತ ಸರ್ಕಾರದ 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗದ ಕೆಲಸಗಾರರಿದ್ದಾರೆ. ಅವರ ಮನೆಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲಿನ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ನಮ್ಮಲ್ಲಿ ಒಬ್ಬರು ವಾರಾಂತ್ಯದಲ್ಲಿ ಹೋಟೆಲ್ಲಿಗೆ ಹೋಗಿ ಬರುವ ಖರ್ಚು ಅದು. ನೇಕಾರನ ಮಗ ಮಗ್ಗ ಬಿಟ್ಟು ಬೆಂಗಳೂರಿನಲ್ಲಿ ಕಾವಲುಗಾರನ ಕೆಲಸಕ್ಕೆ ಸೇರಿದರೆ ಅವನನ್ನು ಬೈಯುವ ಹಕ್ಕು ನಮಗಿಲ್ಲ. ನಾವೂ ಊರು ಬಿಟ್ಟದ್ದು ಸಂಬಳಕ್ಕೇ ಅಲ್ಲವೇ?

ಹಾಗಾದರೆ ಏನು ಮಾಡೋಣ? ನನ್ನ ಸಲಹೆಗಳು ಇವು.

1. ಈ ವರ್ಷ ಬೇಸಿಗೆಗೆ ಬರುವ ನಮ್ಮ ನಮ್ಮ ಅಪ್ಪ ಅಮ್ಮಂದಿರನ್ನು ಕೇಳೋಣ. ಕಸೂತಿ, ಕೌದಿ ಹೊಲಿಯುವುದು, ಚಾಪೆ ಹೆಣೆಯುವುದು ಬಲ್ಲವರು ಅವರಲ್ಲಿ ಖಂಡಿತ ಇರುತ್ತಾರೆ. ಒಬ್ಬೊಬ್ಬರಿಗೂ ಒಂದು ಮೇಜು, ಸುತ್ತ ಎಂಟು ಹತ್ತು ಮಕ್ಕಳು. ವೇದಿಕೆ ಬೇಡ, ಮೈಕ್ ಬೇಡ. ಸೂಜಿ ಮಕ್ಕಳ ಕೈಯಲ್ಲಿರಬೇಕು.

2. ಪ್ರತಿ ವಸ್ತುವಿನ, ಪ್ರತಿ ಭಾಗದ ಹೆಸರನ್ನೂ ಕನ್ನಡದಲ್ಲಿ ಬರೆದಿಡೋಣ. ಊರಿಂದ ಊರಿಗೆ ಹೆಸರು ಬೇರೆ ಇದ್ದರೆ ಎರಡನ್ನೂ ಬರೆಯೋಣ. ಜಗಳವಾದರೆ ಆಗಲಿ, ಅದೂ ಕಲಿಕೆಯೇ.

3. ಮುಂದಿನ ವರ್ಷಕ್ಕೆ ಅಕ್ಕಪಕ್ಕದ ಕೂಟಗಳ ಜೊತೆ ಸೇರಿ ಒಬ್ಬ ನೇಕಾರರನ್ನು ಊರಿಂದ ಕರೆಸೋಣ. ಟಿಕೆಟ್ಟಿನ ಜೊತೆಗೆ ದಿನಗೂಲಿಯನ್ನೂ ಲೆಕ್ಕ ಹಾಕಿ ಕೊಡಬೇಕು. ಕೂಲಿ ಕೊಟ್ಟು ಕರೆಸಲು ಪ್ರವಾಸಿ ವೀಸಾ ಸಾಲದು. ವಕೀಲರನ್ನು ಈಗಲೇ ಕೇಳಿಟ್ಟುಕೊಳ್ಳೋಣ.

4. ಮಳಿಗೆಯಲ್ಲಿ ಮಾರುವ ಸೀರೆ ಕೈಮಗ್ಗದ್ದೇ ಆಗಿರಲಿ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ನೋಡಿ. ಸೆರಗು ಸೇರುವ ಕಡೆ ಕೊಂಡಿ ಹುಡುಕಿ. ಕಸೂತಿಯಾದರೆ ಬಟ್ಟೆ ತಿರುಗಿಸಿ ನೋಡಿ. ಗವಂತಿ, ಮುರಗಿ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಇರುತ್ತದೆ, ಗಂಟು ಕಾಣುವುದಿಲ್ಲ. ಮಷೀನಿನ ಕೆಲಸ ಹಿಂಬದಿಯಲ್ಲಿ ಸಿಕ್ಕಿಬೀಳುತ್ತದೆ.

ಇದಕ್ಕೆಲ್ಲ ಹಣ ಎಲ್ಲಿಂದ ಅಂತ ಖಜಾಂಚಿಯವರು ಆಗಲೇ ನನ್ನ ಕಡೆ ನೋಡುತ್ತಿದ್ದಾರೆ. ಥರ್ಮೋಕೋಲಿನ ಗಾಡಿಗೆ, ಬಾವಿಕಟ್ಟೆಗೆ ಇಟ್ಟ ಮೊತ್ತವನ್ನು ನೇಕಾರರ ನಿಧಿಗೆ ಹಾಕಿ ಶುರು ಮಾಡೋಣ. ಗಾಡಿ ಸಂಜೆಗೆ ಕಸದ ಬುಟ್ಟಿ ಸೇರುವಂಥದ್ದು. ಅದೇ ಹಣದಲ್ಲಿ ಕಲಿತ ನಾಲ್ಕು ಹೊಲಿಗೆ ಒಂದು ಮಗುವಿನ ಕೈಯಲ್ಲಿ ಉಳಿಯುತ್ತದೆ. ಉಳಿದದ್ದನ್ನು ನಾವು ನಾವೇ ಕೈಲಾದಷ್ಟು ಹಾಕೋಣ. ನನ್ನ ಪಾಲನ್ನು ಇವತ್ತೇ ಬರೆದು ಕೊಡುತ್ತೇನೆ.

ಒಪ್ಪುವವರು ದಯವಿಟ್ಟು ಕೈ ಎತ್ತಿ. ಒಪ್ಪದವರು ಊಟಕ್ಕೆ ಮುಂಚೆ ನನ್ನ ಜೊತೆ ವಾದಕ್ಕೆ ಬನ್ನಿ.