ಗಲ್ಫ್‌ನಿಂದ ಬರುವ ಕರೆ ಮತ್ತು ನಮ್ಮ ಅರ್ಜಿಯ ಒಂದು ಸಾಲು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯಲ್ಲಿ ಮಾಡಿದ ಭಾಷಣ)

ನಮಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಪಾಠ ಮಾಡಿ ನಿವೃತ್ತರಾದವರಿಗೆ ಅದು ಹಾಜರಿ ಕೂಗುವಷ್ಟು ಹೊತ್ತು ಮಾತ್ರ. ಆದ್ದರಿಂದ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇವೆ. ಇವತ್ತಿನ ವಿಷಯ ಫೋನು. ವಿದ್ಯಾರ್ಥಿವೇತನದ ಸಭೆಯಲ್ಲಿ ಫೋನಿನ ಮಾತೇಕೆ ಎಂದು ದಾನಿಗಳು ಕೇಳಬಹುದು. ಕಳೆದ ಸಾಲಿನ ಒಂದು ಅರ್ಜಿಯ ಕಥೆ ಹೇಳಿದರೆ ಗೊತ್ತಾಗುತ್ತದೆ. ಅದರಲ್ಲಿ ತಪ್ಪು ನಮ್ಮದೇ. ಆದ್ದರಿಂದ ಹೆಸರು ಹೇಳದೆ, ಮುಚ್ಚಿಡದೆ ಹೇಳುತ್ತೇವೆ.

ಶಿವಾಜಿನಗರದ ಒಬ್ಬ ಹುಡುಗಿ. ದ್ವಿತೀಯ ಪಿಯುಸಿ ಕಾಮರ್ಸ್‌ನಲ್ಲಿ ಒಳ್ಳೆಯ ಅಂಕ, ಬಿ.ಕಾಂ. ಸೇರುವ ಆಸೆ. ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಸಾಲಿನ ಮುಂದೆ ‘ಸೌದಿಯಲ್ಲಿ ಡ್ರೈವರ್’ ಎಂದು ಬರೆದಿದ್ದಳು. ಆಯ್ಕೆ ಸಮಿತಿಯಲ್ಲಿ ಕೂತಿದ್ದ ನಾವು ಅಷ್ಟು ಓದಿ ಅರ್ಜಿಯನ್ನು ಬದಿಗಿಟ್ಟೆವು. ‘ಸೌದಿಯಲ್ಲಿ ಅಪ್ಪ ಇದ್ದಾನೆ, ಇವರಿಗೆ ಝಕಾತ್ ಹಣ ಯಾಕೆ?’ ಎಂಬ ಮಾತು ಬಂತು. ಯಾರೂ ಎದುರಾಡಲಿಲ್ಲ. ನಾವೂ ಆಡಲಿಲ್ಲ.

ಹುಡುಗಿಯ ತಾಯಿ ಒಂದು ವಾರದ ನಂತರ ಕಚೇರಿಗೆ ಬಂದರು. ಜಗಳಕ್ಕಲ್ಲ, ಅಂಕಪಟ್ಟಿಯ ಪ್ರತಿ ವಾಪಸ್ ಕೇಳಲು. ‘ಹಣ ಬರುತ್ತಾ ಅಮ್ಮ, ಸೌದಿಯಿಂದ?’ ಎಂದು ಕೇಳಿದೆವು. ‘ಸ್ವಲ್ಪ ತಡವಾಗಿದೆ ಟೀಚರ್, ಅವರು ಕಳಿಸ್ತಾರೆ’ ಎಂದರು. ‘ಅವರನ್ನು ಕೇಳಿದಿರಾ?’ ಎಂದರೆ ಸುಮ್ಮನಾದರು. ಆಮೇಲೆ ಹೇಳಿದರು: ‘ಜುಮಾ ಆದಮೇಲೆ ಫೋನ್ ಮಾಡ್ತಾರೆ. ಸಬ್ ಖೈರಿಯತ್ ಅಂತಾರೆ, ಮಕ್ಕಳ ಹತ್ರ ಒಂದು ಮಾತು, ಇಟ್ಟುಬಿಡ್ತಾರೆ. ಮೂರು ನಿಮಿಷ. ಅಷ್ಟರಲ್ಲಿ ಏನು ಕೇಳೋದು?’

ಈ ಮೂರು ನಿಮಿಷ ಎಲ್ಲಿಂದ ಬಂತು ಎಂಬುದು ನಮ್ಮ ವಯಸ್ಸಿನವರಿಗೆ ಚೆನ್ನಾಗಿ ಗೊತ್ತು. ಶಿವಾಜಿನಗರ ಬಸ್ ನಿಲ್ದಾಣದ ಸುತ್ತ, ರಸಲ್ ಮಾರ್ಕೆಟ್ ಕಡೆ, ಹಲಸೂರಿನ ಸಂದಿಗಳಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಐಎಸ್‌ಡಿ ಬೂತುಗಳಿದ್ದವು. ಗಾಜಿನ ಬಾಗಿಲು, ಕೆಂಪು ಅಂಕಿಗಳ ಮೀಟರು. ರಿಯಾದ್, ದಮಾಮ್, ದುಬೈಗೆ ಒಂದು ನಿಮಿಷಕ್ಕೆ ಹತ್ತಾರು ರೂಪಾಯಿ. ತಾಯಿ ಮಾತಾಡುವಾಗ ಕಣ್ಣು ಮಗನ ದನಿಯ ಕಡೆಗಲ್ಲ, ಮೀಟರಿನ ಕಡೆಗೆ. ಅಲ್ಲಿಂದ ಮಗ ಕಾರ್ಡು ಗೀರಿ ಮಾಡಿದರೂ ಅದೇ ಅವಸರ. ಅದಕ್ಕೂ ಮುಂಚೆ ಕ್ಯಾಸೆಟ್ಟಿನಲ್ಲಿ ದನಿ ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಕ್ಯಾಸೆಟ್ ಒಂದು ವಿಧದಲ್ಲಿ ಮೇಲು: ಅರ್ಧ ಗಂಟೆ ಬಿಡುವಾಗಿ ಅಳಬಹುದಿತ್ತು. ಆದರೆ ಪ್ರಶ್ನೆ ಕೇಳಿದರೆ ಉತ್ತರ ಬರಲು ಇನ್ನೊಬ್ಬರು ಊರಿಗೆ ಬರಬೇಕು.

ದೇಶದ ಟೆಲಿಫೋನು ತಯಾರಾಗುತ್ತಿದ್ದದ್ದೇ ನಮ್ಮ ಪೂರ್ವ ಭಾಗದಲ್ಲಿ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಕೆ.ಆರ್. ಪುರಂ ಹತ್ತಿರ ದೂರವಾಣಿನಗರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆ ಅಲ್ಲಿದೆ. ಸಿ-ಡಾಟ್‌ನವರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಶುರುವಾಯಿತು. ಆದರೂ ಹೊರದೇಶದ ಕರೆ ಬಡವನ ಕೈಗೆ ಬರಲಿಲ್ಲ. ಅದೆಲ್ಲ ವಿದೇಶ ಸಂಚಾರ ನಿಗಮ ಎಂಬ ಒಂದೇ ಬಾಗಿಲಿನಿಂದ ಹೋಗಬೇಕಿತ್ತು. 2002ರ ಏಪ್ರಿಲ್‌ನಿಂದ ಆ ಬಾಗಿಲು ಬೇರೆ ಕಂಪನಿಗಳಿಗೂ ತೆರೆಯಿತು. ಇಂಟರ್ನೆಟ್ ಮೂಲಕ ಮಾತಾಡಲು ಕೆಲವು ಮಿತಿಗಳೊಂದಿಗೆ ಅನುಮತಿ ಸಿಕ್ಕಿದ್ದೂ ಅದೇ ತಿಂಗಳು. ಮರುವರ್ಷ ಸ್ಕೈಪ್ ಬಂತು. ಸೈಬರ್ ಸೆಂಟರಿನಲ್ಲಿ ಬುರ್ಖಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತ ಅಜ್ಜಿಯರನ್ನು ನಾವು ಆಗ ನೋಡಿದ್ದೇವೆ. ವಾಟ್ಸ್‌ಆ್ಯಪ್‌ನಲ್ಲಿ ದನಿಯ ಕರೆ 2015ರಲ್ಲಿ, ವಿಡಿಯೋ ಕರೆ 2016ರ ಕೊನೆಯಲ್ಲಿ ಬಂತು. ಅದೇ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು.

ಅಂದರೆ ಮೀಟರು ನಿಂತು ಎಷ್ಟೋ ವರ್ಷವಾಗಿದೆ. ಆದರೆ ಮೂರು ನಿಮಿಷದ ಅಭ್ಯಾಸ ನಿಂತಿಲ್ಲ. ಈ ತಾಯಿಯ ವಿಷಯದಲ್ಲಿ ಅಭ್ಯಾಸ ಒಂದೇ ಅಲ್ಲ, ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅದನ್ನು ಮಗಳು ಟ್ಯೂಷನ್‌ಗೆ ಒಯ್ಯುತ್ತಿದ್ದಳು, ರೀಚಾರ್ಜ್ ಮುಗಿದರೆ ಮುಗಿಯಿತು.

ಅವತ್ತು ಸಂಜೆ ನಾವು ಹುಡುಗಿಯನ್ನೂ ಕರೆಸಿ, ಕಚೇರಿಯ ವೈಫೈಗೆ ಫೋನು ಸೇರಿಸಿ, ಅಲ್ಲಿ ನಡೆಯುವ ಆ್ಯಪ್‌ನಲ್ಲೇ ಕರೆ ಮಾಡಿಸಿದೆವು. ಇಲ್ಲಿ ಇಶಾ ಹೊತ್ತು, ಅಲ್ಲಿ ಎರಡೂವರೆ ಗಂಟೆ ಹಿಂದೆ. ವಿಡಿಯೋ ಎರಡು ಸಲ ನಿಂತಿತು. ಬರೀ ದನಿಗೆ ಬದಲಿಸಿದಾಗ ಸರಿಯಾಯಿತು. ಮೊದಲ ಹತ್ತು ನಿಮಿಷ ಅವರು ಎಲ್ಲಕ್ಕೂ ‘ಖೈರಿಯತ್’ ಎಂದೇ ಹೇಳಿದರು. ಆಗ ಮಗಳು, ‘ಅಬ್ಬಾ, ಕಾಲೇಜು ಬೇಡ, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ಕೆಲಸ ಇದೆ, ಸೇರ್ತೀನಿ’ ಎಂದಳು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನು ಕಡಿಯಿತೋ ಎಂದು ನಾವು ಫೋನು ನೋಡಿದೆವು, ಕಡಿದಿರಲಿಲ್ಲ.

ಆಮೇಲೆ ಹೇಳಿದರು. ಐದು ತಿಂಗಳಿಂದ ಸಂಬಳವಿಲ್ಲ. ಕಂಪನಿ ‘ಮುಂದಿನ ತಿಂಗಳು’ ಎನ್ನುತ್ತಲೇ ಇದೆ. ಊಟ ಸ್ನೇಹಿತರ ರೂಮಿನಲ್ಲಿ. ಹೋಗುವಾಗ ವೀಸಾಕ್ಕೆ ಮಾಡಿದ ಸಾಲದಲ್ಲಿ ಅರ್ಧ ಇನ್ನೂ ಹಾಗೇ ಇದೆ. ತಾಯಿಗೆ ಇದು ಗೊತ್ತಾದದ್ದು ಆಗಲೇ. ನಾವು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ಗಂಡ ಹೆಂಡತಿಯ ಮಾತು ಕೇಳುವ ಹಕ್ಕು ಸಮಿತಿಗಿಲ್ಲ. ಒಟ್ಟು ನಲವತ್ತು ನಿಮಿಷ ಮಾತಾಡಿದರು. ಅದಕ್ಕೆ ತಗುಲಿದ ಖರ್ಚು ಲೆಕ್ಕ ಹಾಕುವಷ್ಟೂ ಇಲ್ಲ.

ಝಕಾತ್ ಯಾರಿಗೆ ಸಲ್ಲಬೇಕು ಎಂಬುದು ಸೂರಃ ತೌಬಾದ 60ನೇ ಆಯತ್‌ನಲ್ಲಿದೆ. ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಕ್ಕಿದವರೂ ಇದ್ದಾರೆ. ನಾವು ‘ಸೌದಿ’ ಎಂಬ ಒಂದು ಪದ ಓದಿ, ಸಾಲವನ್ನು ಕೇಳದೇ ಬಿಟ್ಟಿದ್ದೆವು. ಆ ಹುಡುಗಿಯ ಅರ್ಜಿ ಮತ್ತೆ ಸಮಿತಿಗೆ ಬಂತು, ಮಂಜೂರಾಯಿತು. ಈಗ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ತಂದೆಗೆ ಎರಡು ತಿಂಗಳ ಸಂಬಳ ಬಂದಿದೆ, ಉಳಿದದ್ದು ಇನ್ನೂ ಬಂದಿಲ್ಲ.

ಈಗ ಉಪಯೋಗದ ಮಾತು. ತಾಯಂದಿರು ಗಮನವಿಟ್ಟು ಕೇಳಿ. ಗೊತ್ತಿದ್ದವರು ಪಕ್ಕದವರಿಗೆ ಹೇಳಿಕೊಡಿ.

ಇಂಟರ್ನೆಟ್ ಕರೆ ಯಾಕೆ ಅಗ್ಗ? ಮಾಮೂಲಿ ಅಂತರರಾಷ್ಟ್ರೀಯ ಕರೆ ಬಂದರೆ, ಅದನ್ನು ನಿಮ್ಮ ಫೋನಿಗೆ ಮುಟ್ಟಿಸುವ ಇಲ್ಲಿನ ಕಂಪನಿಗೆ ಅಲ್ಲಿನ ಕಂಪನಿ ನಿಮಿಷಕ್ಕಿಷ್ಟು ಎಂದು ಕೊಡಬೇಕು. 2018ರ ಫೆಬ್ರವರಿಯಲ್ಲಿ ಟ್ರಾಯ್ ಅದನ್ನು 53 ಪೈಸೆಯಿಂದ 30 ಪೈಸೆಗೆ ಇಳಿಸಿತ್ತು. 2020ರಿಂದ 35ರಿಂದ 65 ಪೈಸೆಯ ನಡುವೆ ಎಂದು ಬದಲಾಯಿತು. ಇದರ ಮೇಲೆ ಅಲ್ಲಿನ ಕಂಪನಿಯ ದರ. ಆ್ಯಪ್‌ನಿಂದ ಆ್ಯಪ್‌ಗೆ ಮಾಡಿದಾಗ ನಿಮ್ಮ ದನಿ ಸಣ್ಣ ಸಣ್ಣ ತುಂಡುಗಳಾಗಿ, ಫೋಟೋ, ಪತ್ರಗಳು ಹೋಗುವ ದಾರಿಯಲ್ಲೇ ಹೋಗುತ್ತದೆ. ನಿಮಿಷದ ಲೆಕ್ಕ ಇಲ್ಲ, ಡೇಟಾದ ಲೆಕ್ಕ ಮಾತ್ರ. ಒಂದು ಗಂಟೆ ದನಿಯ ಕರೆಗೆ ಅಂದಾಜು 30ರಿಂದ 60 ಎಂಬಿ ಸಾಕು. ವಿಡಿಯೋ ಆದರೆ ಅದರ ಹಲವು ಪಟ್ಟು. ಮೊಮ್ಮಗುವಿನ ಮುಖ ಎರಡು ನಿಮಿಷ ವಿಡಿಯೋದಲ್ಲಿ ತೋರಿಸಿ, ಸಂಸಾರದ ಮಾತು ದನಿಯಲ್ಲಿ ಆಡಿ. ಮಾತು ತುಂಡಾಗುತ್ತಿದ್ದರೆ ಕಿಟಕಿಯ ಬಳಿ ಬನ್ನಿ. ಮನೆಯಲ್ಲಿ ಬೇರೆಯವರು ಸಿನಿಮಾ ನೋಡುತ್ತಿದ್ದರೆ ನಿಲ್ಲಿಸಲು ಹೇಳಿ. ನಿಲ್ಲಿಸುವುದಿಲ್ಲ, ಆದರೂ ಹೇಳಿ.

ಮನೆಯಲ್ಲಿ ಬಟನ್ ಫೋನಿನ ಅಜ್ಜಿ ಇದ್ದರೆ ಇದು ನಡೆಯುವುದಿಲ್ಲ, ಎರಡೂ ಕಡೆ ಇಂಟರ್ನೆಟ್ ಬೇಕು. ಸ್ಕೈಪ್‌ನಲ್ಲಿ ಹಣ ತುಂಬಿ ಬಟನ್ ಫೋನಿಗೆ ಮಾಡುತ್ತಿದ್ದವರು ಇದ್ದರು. ಆ ಸೇವೆ 2025ರ ಮೇ 5ಕ್ಕೆ ಮುಚ್ಚಿತು. ಅಂಥ ಮನೆಗೆ ಪಕ್ಕದ ಮನೆಯ ಹುಡುಗನ ಫೋನು ವಾರಕ್ಕೊಮ್ಮೆ ಒದಗಿದರೆ ಅದೂ ಸದಖಾ.

ದುಬೈ, ಅಬುಧಾಬಿ, ಶಾರ್ಜಾದಲ್ಲಿ ಇರುವವರ ವಿಷಯ ಬೇರೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆಗೆ ತಡೆ ಇದೆ. ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳಲ್ಲಿ ಮಾತಾಡಬೇಕು. 2018ರಲ್ಲಿ ಇದಕ್ಕೆ ಮೊಬೈಲಿನಲ್ಲಿ ತಿಂಗಳಿಗೆ 50 ದಿರ್ಹಮ್ ಯೋಜನೆ ಬೇಕಿತ್ತು. ಯೋಜನೆಗಳು ಬದಲಾಗುತ್ತವೆ, ಈಗಿನದನ್ನು ಅಲ್ಲಿರುವವರೇ ವಿಚಾರಿಸಲಿ. ಆದರೆ ‘ವಿಪಿಎನ್ ಹಾಕ್ಕೊಳೋ, ಎಲ್ಲರೂ ಹಾಕ್ಕೋತಾರೆ’ ಎಂದು ಇಲ್ಲಿಂದ ಮಗನಿಗೆ ಹೇಳಬೇಡಿ. ವಿಪಿಎನ್ ಬಳಸಿ ಅಲ್ಲಿನ ಕಾನೂನಿಗೆ ವಿರುದ್ಧವಾದುದನ್ನು ಮಾಡಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ಹಾಕುವ ಕಾನೂನು ಅಲ್ಲಿದೆ. ಒಂದು ಕರೆಗಾಗಿ ಅಷ್ಟು ಭಯ ಮಗನ ತಲೆಗೆ ಯಾಕೆ? ಸೌದಿಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ, ನಿಯಮ ಪಾಲಿಸುವ ಆ್ಯಪ್‌ಗಳ ಮೇಲಿನ ತಡೆ ತೆಗೆದರು.

ಇನ್ನೊಂದು ಎಚ್ಚರಿಕೆ, ಇದು ನಮ್ಮ ಬೀದಿಗಳಿಗೆ ಸೇರಿದ್ದು. ಮಗನ ಕರೆ ಒಮ್ಮೊಮ್ಮೆ ಯಾವುದೋ ಇಲ್ಲಿನ ಹತ್ತಂಕಿಯ ನಂಬರಿನಿಂದ ಬಂದಂತೆ ಕಾಣುವುದನ್ನು ನೀವು ನೋಡಿರಬಹುದು. ಹೊರದೇಶದ ಕರೆಯನ್ನು ಇಂಟರ್ನೆಟ್‌ನಲ್ಲಿ ತಂದು, ಸಿಮ್ ಬಾಕ್ಸ್ ಎಂಬ ಯಂತ್ರದಿಂದ ಲೋಕಲ್ ಕರೆಯಾಗಿ ಬದಲಿಸುವ ಕಳ್ಳ ದಂಧೆ ಅದು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಪೊಲೀಸರು, ಸೇನಾ ಗುಪ್ತಚರರು ಸೇರಿ ಇಂಥ ಯಂತ್ರಗಳನ್ನು ಹಿಡಿದರು. ಕರೆ ಸ್ವೀಕರಿಸಿದ ತಾಯಿಯ ತಪ್ಪೇನಿಲ್ಲ. ಆದರೆ ಆ ಯಂತ್ರಕ್ಕೆ ರಾಶಿ ರಾಶಿ ಸಿಮ್ ಬೇಕು, ಸಿಮ್ಮಿಗೆ ಬಡವರ ಆಧಾರ್ ಬೇಕು. ‘ಹೆಬ್ಬೆಟ್ಟು ಒತ್ತಿ, ಇನ್ನೂರು ರೂಪಾಯಿ ತಗೊಳ್ಳಿ’ ಎಂದು ಯಾರಾದರೂ ಬಂದರೆ ಮಕ್ಕಳು ಅವರನ್ನು ಬಾಗಿಲಲ್ಲೇ ನಿಲ್ಲಿಸಬೇಕು. ಒಬ್ಬರ ಹೆಸರಿನಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಿಮ್ ಇರಕೂಡದು. ಸರಕಾರದ ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಎಂದು ನೋಡಬಹುದು. ಪಿಯುಸಿ ಓದುವ ಮಕ್ಕಳು ಇವತ್ತೇ ಅಮ್ಮನ ಹೆಸರಿನಲ್ಲಿ ನೋಡಿ ಹೇಳಲಿ. ಇದು ನಾವು ಕೊಡುವ ಹೋಂವರ್ಕ್.

ಸಂಬಳ ನಿಂತಿದೆ ಎಂದು ಗೊತ್ತಾದರೆ ನಾಚಿಕೆಯಿಂದ ಕೂರಬೇಡಿ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 1800 11 3090ರಲ್ಲಿ ಇಲ್ಲಿಂದ ಉಚಿತವಾಗಿ ಕರೆ ಮಾಡಬಹುದು. ವಿದೇಶಾಂಗ ಇಲಾಖೆಯ ‘ಮದದ್’ ಜಾಲತಾಣದಲ್ಲಿ ದೂರು ಬರೆಸಬಹುದು; ಮನೆಯವರೂ ಬರೆಸಬಹುದು. ಯುಎಇ ಒಳಗಿನಿಂದ 800 46342. ಆ ಹುಡುಗಿಯ ತಂದೆಯ ದೂರನ್ನು ಮಗಳೇ ಬರೆದಳು, ನಾವು ಕಾಗುಣಿತ ನೋಡಿದೆವಷ್ಟೆ. ದೂರಿಗೆ ಬೇಕಾದದ್ದು ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರಿನ ಪ್ರತಿಗಳು. ಅವುಗಳ ಫೋಟೋ ಮನೆಯಲ್ಲಿ ಇರಲೇಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೆ? ಈದ್‌ಗೆ ಕಳಿಸಿದ ಅತ್ತರಿನ ಫೋಟೋ ಇರುತ್ತದೆ, ಕರಾರಿನದು ಇರುವುದಿಲ್ಲ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ ಬೀಳುತ್ತದೆ. ಗಲ್ಫ್‌ನ ಆರೂ ದೇಶ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಬೇಕಾದರೆ ಮೊದಲು ಸರಕಾರದ ಅನುಮತಿ ಪಡೆಯಬೇಕು. ಆ ಅನುಮತಿ ತಪ್ಪಿಸಿ ವಿಸಿಟ್ ವೀಸಾದಲ್ಲಿ ಕಳಿಸುವ ಏಜೆಂಟರ ಬಲೆಗೆ ಬೀಳುವವರು ಹೆಚ್ಚಾಗಿ ಇವರೇ. ಎಸ್‌ಎಸ್‌ಎಲ್‌ಸಿಗೆ ನಾವು ಕೊಡುವ ನೋಟ್‌ಬುಕ್, ಟ್ಯೂಷನ್ ಹಣ ಚಿಕ್ಕದು ಎಂದುಕೊಳ್ಳುವ ದಾನಿಗಳು ಇದನ್ನು ನೆನಪಿನಲ್ಲಿಡಬೇಕು.

ಈ ಸಾಲಿನ ಅರ್ಜಿಯಲ್ಲಿ ಸಮಿತಿ ಮಾಡಿರುವ ಬದಲಾವಣೆ ಹೇಳಿ ಮುಗಿಸುತ್ತೇವೆ. ‘ತಂದೆಯ ಉದ್ಯೋಗ’ದ ಕೆಳಗೆ ಎರಡು ಸಾಲು ಸೇರಿವೆ: ಕಳೆದ ಆರು ತಿಂಗಳಲ್ಲಿ ಮನೆಗೆ ಬಂದ ಹಣ, ಉಳಿದಿರುವ ಸಾಲ. ತಂದೆ ಅಥವಾ ಅಣ್ಣ ಹೊರದೇಶದಲ್ಲಿದ್ದರೆ ಅವರ ಸಹಿಗೆ ಕಾಯಬೇಕಿಲ್ಲ. ಸಂದರ್ಶನದ ದಿನ ಕಚೇರಿಯಿಂದಲೇ ಅವರಿಗೆ ಇಂಟರ್ನೆಟ್ ಕರೆ ಮಾಡಿ ಕೇಳುತ್ತೇವೆ. ಅವರ ಕೆಲಸ ಕೆಡದಂತೆ ಅಂಥ ಕುಟುಂಬಗಳ ಸಂದರ್ಶನ ರಾತ್ರಿ ಎಂಟೂವರೆ ನಂತರ ಇಟ್ಟಿದ್ದೇವೆ. ಆಗ ದುಬೈಯಲ್ಲಿ ಏಳು, ಸೌದಿಯಲ್ಲಿ ಆರು. ಸಮಿತಿಯ ಪ್ರಶ್ನೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಫೋನನ್ನು ತಾಯಿ ಮಕ್ಕಳ ಕೈಗೆ ಕೊಟ್ಟು ನಾವು ಹೊರಗೆ ಕೂರುತ್ತೇವೆ. ಯಾರೂ ಗಡಿಯಾರ ನೋಡುವುದಿಲ್ಲ. ಬಾಗಿಲು ಹಾಕುವವರು ಹತ್ತು ಗಂಟೆಯವರೆಗೆ ಇರಲು ಒಪ್ಪಿದ್ದಾರೆ, ಚಹಾ ನಮ್ಮ ಕಡೆಯಿಂದ.