ಮತಬೋಧಕನಿಗೆ ಲೌಕಿಕ ವಿದ್ಯೆಯು ಅವಶ್ಯವೇ?



ಕ್ರೈಸ್ತಸಭೆಗಳನ್ನು ನಡೆಯಿಸುವ ಪಾದ್ರಿಗಳಿಗೆ ಲೌಕಿಕ ಶಿಕ್ಷಣವೂ ಬೇಕೋ, ಆತ್ಮಪ್ರೇರಣೆಯೊಂದೇ ಸಾಕೋ ಎಂಬ ಚರ್ಚೆಯು ಆ ಮತದಲ್ಲಿ ಬಹುಕಾಲದಿಂದ ನಡೆದು ಬಂದಿರುವುದು. ದೇವರೇ ಕರೆದವನಿಗೆ ಶಾಲೆಯೇತಕ್ಕೆಂದು ಒಂದು ಪಕ್ಷದವರು ಕೇಳುವರು. ಓದಿಲ್ಲದವನು ಜನರನ್ನು ದಾರಿ ತಪ್ಪಿಸುವನೆಂದು ಇನ್ನೊಂದು ಪಕ್ಷದವರು ಅಂಜುವರು.

ಈ ವಿಷಯದಲ್ಲಿ ಇಬ್ಬರ ನಡೆಯು ವಿಚಾರಾರ್ಹವಾದುದು. ವಿಲಿಯಂ ಕೇರಿಯವರು ಇಂಗ್ಲೆಂಡಿನಲ್ಲಿ ಪಾದರಕ್ಷೆಗಳನ್ನು ಹೊಲಿದು ಜೀವಿಸುತ್ತಿದ್ದವರು. ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಭಾಷೆಗಳನ್ನು ಕಲಿತವರು. ಅಂತಹವರೇ 1818ರಲ್ಲಿ ಸಂಗಡಿಗರೊಡನೆ ಬಂಗಾಳದ ಶ್ರೀರಾಮಪುರದಲ್ಲಿ ಕಾಲೇಜನ್ನು ಸ್ಥಾಪಿಸಿ, ಪೌರಸ್ತ್ಯ ಸಾಹಿತ್ಯವನ್ನೂ ಪಾಶ್ಚಾತ್ಯ ವಿಜ್ಞಾನವನ್ನೂ ಕಲಿಸಲು ಏರ್ಪಡಿಸಿದರು. ಅನ್ಯಮತದವರಿಗೂ ಅದರ ಬಾಗಿಲನ್ನು ತೆರೆದರು. ಲಂಡನ್ನಿನ ಪ್ರಖ್ಯಾತ ಬೋಧಕರಾದ ಸ್ಪರ್ಜನ್ನರು ಮತಶಾಸ್ತ್ರದ ಯಾವ ಕಾಲೇಜಿನಲ್ಲಿಯೂ ಓದಿದವರಲ್ಲ. ಆದರೂ 1856ರಲ್ಲಿ ಪಾದ್ರಿಗಳಿಗಾಗಿ ವಿದ್ಯಾಲಯವನ್ನು ತೆರೆದರು. ತಮಗೆ ದೊರೆಯದುದನ್ನು ಇವರು ಹಳಿಯಲಿಲ್ಲ, ಮುಂದಿನವರಿಗೆ ದೊರಕಿಸಿಕೊಟ್ಟರು. ಆದರೆ ವಿದ್ಯೆಯಿಂದಲೇ ಬೋಧಕನು ಹುಟ್ಟುವನೆಂದು ಸ್ಪರ್ಜನ್ನರು ನಂಬಿರಲಿಲ್ಲ. ಮೊದಲೇ ಬೋಧನೆಗೆ ತೊಡಗಿದ್ದವರನ್ನು ಆರಿಸಿಕೊಂಡು ಓದಿಸಿದರು.

ಪಾದ್ರಿಯ ಬಳಿಗೆ ಶೋಕಾರ್ತನು ಬರುವನು, ಸಾಲದಲ್ಲಿ ಮುಳುಗಿದವನು ಬರುವನು, ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡವನೂ ಬರುವನು. ಪ್ರಾರ್ಥನೆಯೊಡನೆ ವೈದ್ಯನೂ ಬೇಕೆಂಬುದನ್ನು ಅರಿಯದ ಪಾದ್ರಿಯು ಎಷ್ಟೇ ಸದ್ಭಕ್ತನಾಗಿದ್ದರೂ ಪ್ರಾಣಹಾನಿಗೆ ಕಾರಣನಾಗಬಹುದು. ವೈದ್ಯನ ಬಳಿಗೆ ಕಳುಹಿಸಿ ತಾನು ಸುಮ್ಮನಾಗುವ ಪಂಡಿತನೋ, ದುಃಖಿಯನ್ನು ಕೈಬಿಟ್ಟಂತೆಯೇ ಸರಿ.

ಆದುದರಿಂದ ಬೋಧಕನನ್ನು ಆರಿಸುವಾಗ ಹೃದಯವನ್ನು ನೋಡತಕ್ಕದ್ದು. ಆರಿಸಿದ ಮೇಲೆ ತಪ್ಪದೆ ಓದಿಸತಕ್ಕದ್ದು. ನಂಬಿ ಬಂದವರ ಕ್ಷೇಮವು ಈ ಎರಡರಲ್ಲಿಯೂ ಇರುವುದು.